ಮೊದಲು ಕೋಣೆಯ ಅಳತೆ, ಆಮೇಲೆ ಸ್ಪೀಕರ್

ಕೇಳುಗರಿಗೆ ನಮಸ್ಕಾರ. ಚಿಕ್ಕ ಕೋಣೆಗೆ ದೊಡ್ಡ ಹೈ-ಫೈ ಸ್ಪೀಕರುಗಳನ್ನು ಆರಿಸುವುದು ಹೇಗೆ ಎಂಬುದನ್ನು ಕುರಿತು ಮಾತನಾಡಬೇಕೆಂದು ನಿಲಯದ ಮಿತ್ರರು ನನ್ನನ್ನು ಕರೆದಿದ್ದಾರೆ. ಈಗ ಕೇಳುತ್ತಿರುವವರಲ್ಲಿ ಹಲವರು ವರ್ಷಗಟ್ಟಲೆ ಹಣ ಕೂಡಿಸಿಟ್ಟು, ಮಕ್ಕಳು ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಖಾಲಿಯಾದ ಕೋಣೆಯನ್ನು ಸಂಗೀತಕ್ಕೆಂದು ಮೀಸಲಿಟ್ಟವರು ಎಂದು ಭಾವಿಸಿಕೊಂಡಿದ್ದೇನೆ. ನಿಮಗೆ ನಾನು ಹೇಳಬೇಕಾದ ಮಾತು ಒಂದೇ: ಮೊದಲು ಕೋಣೆಯನ್ನು ಅಳೆಯಿರಿ, ಸ್ಪೀಕರಿನ ಮಾತು ಆಮೇಲೆ.

ನಮ್ಮ ನಗರಗಳಲ್ಲಿ ಚಿಕ್ಕ ಕೋಣೆ ಎಂದರೆ ಹತ್ತಕ್ಕೆ ಹತ್ತು. ಎಷ್ಟೋ ಮನೆಗಳಲ್ಲಿ ತಾರಸಿಯೂ ಹತ್ತಡಿ ಎತ್ತರಕ್ಕೇ ಇರುತ್ತದೆ. ಗೋಡೆ ಇಟ್ಟಿಗೆಯದು, ಮಾಡು ಕಾಂಕ್ರೀಟಿನದು, ನೆಲಕ್ಕೆ ಟೈಲ್ಸ್. ಇಂಥ ಕೋಣೆಯಲ್ಲಿ ಮಂದ್ರದ ನಾದ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1130 ಅಡಿ ಸಾಗುತ್ತದೆ. ಅದರ ಅರ್ಧವಾದ 565ನ್ನು ಕೋಣೆಯ ಉದ್ದದಿಂದ ಭಾಗಿಸಿದರೆ, ಆ ಕೋಣೆ ತಾನಾಗಿ ಮೊಳಗುವ ಮೊದಲ ಸ್ವರ ಯಾವುದೆಂದು ಗೊತ್ತಾಗುತ್ತದೆ. ಹತ್ತಡಿಗೆ ಅದು ಸುಮಾರು 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಕಂಪನ; ಹನ್ನೆರಡು ಅಡಿಗೆ 47 ಹರ್ಟ್ಜ್. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯೇ ಆದರೆ ಮೂರು ದಿಕ್ಕುಗಳೂ ಅದೇ ಒಂದು ಸ್ವರವನ್ನು ಹಿಡಿದು ಎಬ್ಬಿಸುತ್ತವೆ. ಸಂಗೀತಕ್ಕೆ ಇದಕ್ಕಿಂತ ಕೆಟ್ಟ ಕೋಣೆ ಇಲ್ಲ.

ನನ್ನ ಭಾವಮೈದುನನ ಅನುಭವವನ್ನು ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ. ಬೆಂಗಳೂರಿನ ಅವನ ಮನೆಯಲ್ಲಿ ಹತ್ತಕ್ಕೆ ಹತ್ತರ ಕೋಣೆ ಒಂದಿದೆ. ಅದಕ್ಕೆಂದು ಅವನು ನಾಲ್ಕಡಿ ಎತ್ತರದ, ಒಂದೊಂದರಲ್ಲಿ ಮಂದ್ರವನ್ನು ನುಡಿಸುವ ಎಂಟಿಂಚಿನ ಎರಡೆರಡು ವೂಫರುಗಳಿರುವ ಟವರ್ ಸ್ಪೀಕರುಗಳ ಜೋಡಿಯನ್ನು ಕೊಂಡು ತಂದ. ಅಂಗಡಿಯ ವಿಶಾಲವಾದ ಹಾಲಿನಲ್ಲಿ ಕೇಳಿ ಮೆಚ್ಚಿ, ಒಂದೂವರೆ ಲಕ್ಷ ಕೊಟ್ಟಿದ್ದ. ವಾರ ಕಳೆಯುವುದರೊಳಗೆ ಫೋನು ಬಂತು. "ಭಾವ, ಹಾಡೆಲ್ಲ ಬಾವಿಯೊಳಗಿಂದ ಕೇಳಿದ ಹಾಗಿದೆ. ನೀವೊಮ್ಮೆ ಬಂದು ನೋಡಬೇಕು" ಎಂದ.

ಹೋಗಿ ನೋಡಿದರೆ ಸ್ಪೀಕರುಗಳೆರಡೂ ಮೂಲೆಗೆ ಒತ್ತಿ ನಿಂತಿದ್ದವು. ಸೋಫಾ ಎದುರಿನ ಗೋಡೆಗೆ ಅಂಟಿತ್ತು. ಅವನಿಗೆ ಪ್ರಿಯವಾದ ಹಳೆಯ ಚಿತ್ರಗೀತೆಯೊಂದನ್ನು ಹಾಕಿದ. ಬಾಸ್ ಗಿಟಾರಿನ ಉಳಿದ ಸ್ವರಗಳೆಲ್ಲ ಸಾಧಾರಣವಾಗಿದ್ದರೆ, ಒಂದೇ ಒಂದು ಸ್ವರ ಬಂದಾಗ ಮಾತ್ರ ಕೋಣೆಯೇ ಗುಂಯ್‌ಗುಟ್ಟುತ್ತಿತ್ತು, ಪಕ್ಕದಲ್ಲಿದ್ದ ಉಕ್ಕಿನ ಬೀರುವಿನ ಬಾಗಿಲು ಗಟಗಟ ನಡುಗುತ್ತಿತ್ತು. ಆ ವಾದ್ಯದ ಎರಡನೆಯ ದಪ್ಪ ತಂತಿಯನ್ನು ಬೆರಳೊತ್ತದೆ ಮೀಟಿದರೆ ಹೊರಡುವ ನಾದ 55 ಹರ್ಟ್ಜ್. ಅವನ ಕೋಣೆಯ ಸ್ವರ 56. ಅದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಅವನನ್ನು ಕೋಣೆಯಲ್ಲಿ ನಿಧಾನವಾಗಿ ನಡೆಯಲು ಹೇಳಿದೆ. ನಟ್ಟನಡುವೆ ನಿಂತಾಗ ಆ ಮೊಳಗು ಕರಗಿಹೋಯಿತು. ಹಿಂದಿನ ಗೋಡೆಗೆ ತಲೆ ಆನಿಸಿದಾಗ ಎದೆಗೆ ಗುದ್ದಿದಂತೆ ಬಂತು. ಸ್ಪೀಕರಿನಲ್ಲಿ ಯಾವ ದೋಷವೂ ಇರಲಿಲ್ಲ. ಅವನು ಸ್ಪೀಕರಿನ ಬೆಲೆಯನ್ನೂ ಎತ್ತರವನ್ನೂ ವಿಚಾರಿಸಿದ್ದ, ಕೋಣೆಯನ್ನು ಅಳೆದಿರಲಿಲ್ಲ.

ಸರಿಪಡಿಸಲು ಒಂದು ಭಾನುವಾರ ಪೂರ್ತಿ ಹೆಣಗಿದೆವು. ಸ್ಪೀಕರಿನ ಹಿಂಬದಿಯಲ್ಲಿ ಗಾಳಿಯಾಡಲು ಬಿಟ್ಟ ತೂತಿಗೆ, ಅಂದರೆ ಪೋರ್ಟಿಗೆ, ಹಳೆಯ ಟವೆಲ್ಲನ್ನು ಸುತ್ತಿ ತುರುಕಿದಾಗ ಮೊಳಗು ಸ್ಪಷ್ಟವಾಗಿ ಇಳಿಯಿತು. ಮೂಲೆಗಳಲ್ಲಿ ಹತ್ತಿಯ ಹಾಸಿಗೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿದಾಗ ಮತ್ತೂ ತುಸು ತಗ್ಗಿತು. ಆದರೆ ಸ್ಪೀಕರುಗಳನ್ನು ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತಂದು, ಸೋಫಾವನ್ನು ಹಿಂದಿನ ಗೋಡೆಯಿಂದ ಬಿಡಿಸಿ ಮುಂದೆ ಸರಿಸಿದ ಮೇಲೆ, ಅವನಿಗೂ ಸ್ಪೀಕರಿಗೂ ನಡುವೆ ಮೂರಡಿ ಜಾಗ ಉಳಿಯಿತು. ಅಷ್ಟು ಹತ್ತಿರ ಕುಳಿತರೆ ಟವರಿನ ವೂಫರುಗಳ ನಾದವೂ ತಾರದ ಸ್ವರಗಳನ್ನು ನುಡಿಸುವ ಟ್ವೀಟರಿನ ನಾದವೂ ಒಂದಾಗಿ ಬೆರೆಯುವುದಿಲ್ಲ. ಗಾಯಕಿಯ ಕಂಠ ಮೊಣಕಾಲಿನ ಮಟ್ಟದಿಂದ, ಅವರ ಸಕಾರ ತಲೆಯ ಮಟ್ಟದಿಂದ ಬಂದಂತೆ ಕೇಳಿಸುತ್ತಿತ್ತು. ಹಾಡುವವರು ಎದುರಿಗೆ ಇದ್ದಾರೆ ಎಂಬ ಭಾವವೇ ಹುಟ್ಟಲಿಲ್ಲ.

ಕೊನೆಗೆ ಅವನು ಆ ಜೋಡಿಯನ್ನು ತೀರ್ಥಹಳ್ಳಿಯ ಸಮೀಪದ ತನ್ನ ತಂದೆಯವರ ಮನೆಗೆ ಸಾಗಿಸಿದ. ಅಲ್ಲಿಯ ಜಗಲಿ ಇಪ್ಪತ್ತನಾಲ್ಕು ಅಡಿ ಉದ್ದವಿದೆ, ಒಂದು ಬದಿ ಅಂಗಳಕ್ಕೆ ತೆರೆದುಕೊಂಡಿದೆ, ಮೇಲೆ ಹೆಂಚಿನ ಮಾಡು. ಹೆಂಚಿನ ಸಂದಿಯಿಂದಲೂ ಅಂಗಳದ ಕಡೆಯಿಂದಲೂ ಹೆಚ್ಚಿನ ಮಂದ್ರ ಹೊರಗೆ ಹೋಗಿಬಿಡುತ್ತದೆ. ಅದೇ ಹಾಡನ್ನು ಅಲ್ಲಿ ಹಾಕಿದಾಗ, ಬೆಂಗಳೂರಿನಲ್ಲಿ ಒಂದೇ ಸ್ವರವಾಗಿ ಗುಡುಗುತ್ತಿದ್ದ ಗಿಟಾರು ಒಂದೊಂದು ಮೀಟಿನಲ್ಲೂ ಬೇರೆಬೇರೆಯಾಗಿ ನಡೆಯುವುದು ಕೇಳಿಸಿತು. ಎಂಬತ್ತು ದಾಟಿದ ನನ್ನ ಮಾವನವರು ಅಡಕೆ ಸುಲಿಯುವುದನ್ನು ನಿಲ್ಲಿಸಿ, "ಈ ಹಾಡಿನಲ್ಲಿ ಇದೂ ಇತ್ತೇನೋ?" ಎಂದು ಕೇಳಿದರು. ಸ್ಪೀಕರ್ ಅದೇ, ಕೋಣೆ ಬೇರೆ. ಆದುದರಿಂದಲೇ ಮತ್ತೆ ಹೇಳುತ್ತೇನೆ, ಮೊದಲು ಕೋಣೆಯನ್ನು ಅಳೆಯಿರಿ.

ಬೆಂಗಳೂರಿನ ಕೋಣೆಗೆ ಅವನು ಐದಿಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಎಂಬ ಚಿಕ್ಕ ಸ್ಪೀಕರುಗಳನ್ನು ತಂದು ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾನೆ. ಚಿಕ್ಕದು ಕೀಳು ಎಂದು ಯಾರೂ ತಿಳಿಯಬಾರದು. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು, ಹೊರಾಂಗಣ ಪ್ರಸಾರದ ವಾಹನದ ಇಕ್ಕಟ್ಟಿನಲ್ಲಿ ಕುಳಿತು ಧ್ವನಿಯನ್ನು ಪರೀಕ್ಷಿಸುವುದಕ್ಕೆಂದು ಎಲ್‌ಎಸ್ 3/5ಎ ಎಂಬ ಸ್ಪೀಕರನ್ನು ರೂಪಿಸಿದರು. ಅದರ ಎತ್ತರ ಒಂದೇ ಅಡಿ, ವೂಫರು ಐದಿಂಚಿನದು. ಜಾಗದ ಅಳತೆಯನ್ನು ನೋಡಿ ಪೆಟ್ಟಿಗೆಯನ್ನು ಮಾಡಿದರು. ಮನುಷ್ಯರ ಕಂಠವನ್ನು ಅದು ನುಡಿಸುವ ಬಗೆಗೆ ಮಾರುಹೋದವರು ಇಂದಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ.

ಸಮಯ ಮುಗಿಯುತ್ತ ಬಂದಿದೆ. ದೊಡ್ಡ ಸ್ಪೀಕರೇ ಬೇಕು ಎನ್ನುವವರಿಗೆ ಬೇಗನೆ ಹೇಳಿಬಿಡುತ್ತೇನೆ. ಪೋರ್ಟ್ ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನು ಆರಿಸಿ. ಪೋರ್ಟ್ ಇದ್ದರೆ ಅದನ್ನು ಮುಚ್ಚಲು ಫೋಮಿನ ಬಿರಡೆಯನ್ನು ಕೇಳಿ ಪಡೆಯಿರಿ. ಮೂಲೆಗೆ ಎಂದೂ ಒತ್ತಿ ಇಡಬೇಡಿ. ಆಂಪ್ಲಿಫೈಯರಿನ ವ್ಯಾಟುಗಳ ಬಗ್ಗೆ ಚಿಕ್ಕ ಕೋಣೆಯಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ಕೇಳಿ ತೀರ್ಮಾನಿಸಬೇಡಿ. ಎರಡು ದಿನ ಮನೆಯಲ್ಲಿಟ್ಟು ಕೇಳಲು ಕೊಡುತ್ತೀರಾ ಎಂದು ವಿಚಾರಿಸಿ, ಕೊಡುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ. ಹೋಗುವಾಗ ಕೋಣೆಯ ಉದ್ದ, ಅಗಲ, ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಳತೆಯ ಟೇಪು ಇಲ್ಲದಿದ್ದರೆ ನೆಲದ ಟೈಲ್ಸ್ ಎಣಿಸಿದರೂ ಆಗುತ್ತದೆ. ನಮಸ್ಕಾರ.