ಹನ್ನೊಂದನೆಯ ದಿನ

ಚಿಕ್ಕಪ್ಪನನ್ನು ಮನೋರೋಗ ವಾರ್ಡಿನಿಂದ ಊರಿಗೆ ಕರೆತಂದ ದಿನ ನಮ್ಮ ಕೈಯಲ್ಲಿದ್ದದ್ದು ಬಟ್ಟೆಯ ಚೀಲ, ಮೂರು ತಿಂಗಳ ಮಾತ್ರೆ, ಒಂದು ಡಿಸ್ಚಾರ್ಜ್ ಚೀಟಿ. ಚೀಟಿಯಲ್ಲಿ 1-0-1, 0-0-1 ಎಂದು ಬರೆದಿತ್ತು. ಓದಲು ಬಾರದ ಚಿಕ್ಕಮ್ಮ ಹಗಲಿನ ಮಾತ್ರೆಯ ಲಕೋಟೆಗೆ ಅರಿಶಿನದ ಬೊಟ್ಟು, ರಾತ್ರಿಯದಕ್ಕೆ ಮಸಿಯ ಬೊಟ್ಟು ಇಟ್ಟು ದೇವರ ಗೂಡಿನಲ್ಲಿ ಜೋಡಿಸಿದರು. ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಹನ್ನೊಂದನೆಯ ದಿನ ಪಕ್ಕದ ಮನೆಯ ಅಜ್ಜಿ ಬಂದು, "ಚೆನ್ನಾಗಿಯೇ ಇದ್ದಾನಲ್ಲ, ಇನ್ನೇಕೆ ಮಾತ್ರೆ? ನರ ಸೋತುಹೋಗುತ್ತದೆ" ಎಂದರು. ಮಾತ್ರೆ ನಿಂತಿತು. ಎರಡು ತಿಂಗಳಿಗೆ ಚಿಕ್ಕಪ್ಪ ಮತ್ತೆ ಅದೇ ವಾರ್ಡಿನಲ್ಲಿದ್ದರು. "ಯಾಕಮ್ಮ ನಿಲ್ಲಿಸಿದಿರಿ?" ಎಂದು ವೈದ್ಯರು ಗದರಿದಾಗ ಚಿಕ್ಕಮ್ಮ ತಲೆ ತಗ್ಗಿಸಿ ನಿಂತರು.

ತಲೆ ತಗ್ಗಿಸಬೇಕಾದವರು ಅವರಲ್ಲ. ಅಜ್ಜಿಯೂ ಅಲ್ಲ. ಆ ಹನ್ನೊಂದು ದಿನಗಳಲ್ಲಿ ಹೇಗಿದ್ದಾನೆ ಎಂದು ಕೇಳಲು ಬಂದವರು ಅವರೊಬ್ಬರೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೆಯ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಿಡುಗಡೆಗೆ ಮುನ್ನ ವೈದ್ಯರು ರೋಗಿಯೊಂದಿಗೆ, ಮನೆಯಲ್ಲಿ ನೋಡಿಕೊಳ್ಳುವವರೊಂದಿಗೆ, ಮುಂದೆ ಚಿಕಿತ್ಸೆ ನೀಡಲಿರುವ ಮನೋವೈದ್ಯರೊಂದಿಗೆ ಸಮಾಲೋಚಿಸಿ ಮುಂದಿನ ಆರೈಕೆಯ ಯೋಜನೆ ಸಿದ್ಧವಾಗುವಂತೆ ನೋಡಿಕೊಳ್ಳಬೇಕು. ನಮ್ಮ ಪಾಲಿಗೆ ಆ ಯೋಜನೆ ಎಂದರೆ "ಮೂರು ತಿಂಗಳು ಬಿಟ್ಟು ಬನ್ನಿ" ಎಂಬ ಒಂದೇ ಸಾಲು.

ದಾರಿ ಗೊತ್ತಿಲ್ಲದ ನಾಡೇನೂ ಅಲ್ಲ ನಮ್ಮದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದಿತ್ತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ದೇಶಕ್ಕೆ ಪಾಠ ಹೇಳಿಕೊಟ್ಟವರು ನಾವು. ನಮ್ಮ ಚಿಕ್ಕಪ್ಪನ ಊರಿಗೆ ಮಾತ್ರ ಅದು ತಲುಪಲಿಲ್ಲ.

14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆಯಲ್ಲ ಎನ್ನುತ್ತೀರಿ. ಇರಲಿ, ಒಳ್ಳೆಯದೇ. ಆದರೆ ಅದಕ್ಕೆ ಕರೆ ಮಾಡಬೇಕಾದವರು ನಾವು. ಏನೋ ತಪ್ಪುತ್ತಿದೆ ಎಂದು ತಿಳಿದರೆ ತಾನೆ ಕರೆ ಮಾಡುವುದು? ಎಲ್ಲವೂ ಸರಿಯಾಗಿದೆ ಎಂದುಕೊಂಡೇ ಚಿಕ್ಕಮ್ಮ ಮಾತ್ರೆ ನಿಲ್ಲಿಸಿದ್ದರು. ಬೇಕಾಗಿದ್ದದ್ದು ಅತ್ತಲಿಂದ ಬರುವ ಕರೆ: ಮೊದಲ ವಾರ ಒಂದು, ಎರಡನೆಯ ವಾರ ಇನ್ನೊಂದು. ಜೊತೆಗೆ ಅದೇ ಮಾತ್ರೆ ತಾಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ಮಾತ್ರೆಗಾಗಿ ರಾತ್ರಿ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿಬರುವುದು ಎಷ್ಟು ತಿಂಗಳು ನಡೆದೀತು?

ಎರಡನೆಯ ಸಲ ಬಿಡುಗಡೆಯಾದಾಗ ಒಬ್ಬ ನರ್ಸ್ ಚೀಟಿಯ ಹಿಂಬದಿಯಲ್ಲಿ ತಮ್ಮ ಸ್ವಂತ ಮೊಬೈಲ್ ಸಂಖ್ಯೆ ಬರೆದುಕೊಟ್ಟರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಮಗನ ಕೈಯಲ್ಲಿ ಆ ಸಂಖ್ಯೆ ಒತ್ತಿಸಿ ಇದುವರೆಗೆ ಎರಡು ಸಲ ಮಾತನಾಡಿದ್ದಾರೆ. ಒಮ್ಮೆ, ಚಿಕ್ಕಪ್ಪನ ಕೈ ನಡುಗುತ್ತಿದೆ, ಮಾತ್ರೆ ಕೊಡಲೋ ಬೇಡವೋ ಎಂದು ಕೇಳಲು. ಇನ್ನೊಮ್ಮೆ, ಅವರು ಒಬ್ಬರೇ ಸಂತೆಗೆ ಹೋಗಿ ಬದನೆಕಾಯಿ ತಂದರು ಎಂದು ಹೇಳಲು.