ಎರಡು ಕಾಲಿಗೆ ಎಷ್ಟು ಜೊತೆ ಶೂ?

ಕೇಳುಗರಿಗೆ ನಮಸ್ಕಾರ.

ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದು ಮೆಟ್ಟಿದವರಿಗೇ ಗೊತ್ತು. ಈ ಮಾತನ್ನು ನಾವು ಹೆಚ್ಚಾಗಿ ಸಂಸಾರದ ತಾಪತ್ರಯಗಳಿಗೆ ಬಳಸುತ್ತೇವೆ. ಇಂದು ನಾನು ಅದನ್ನು ಕಾಲಿಗೇ ಮರಳಿಸುತ್ತೇನೆ. ಮ್ಯಾರಥಾನ್ ತಾಲೀಮಿನ ಶೂಗಳ ಬಗ್ಗೆ ನಾಲ್ಕು ಮಾತು.

ಜನವರಿಯ ಮುಂಬೈ ಮ್ಯಾರಥಾನ್‌ಗೆ ಬೆಂಗಳೂರಿನಿಂದ ಹೊರಡುವವರು ಸೆಪ್ಟೆಂಬರ್ ಹೊತ್ತಿಗೆ ತಾಲೀಮು ಹಿಡಿಯುತ್ತಾರೆ. ಹದಿನೆಂಟು ವಾರ, ವಾರಕ್ಕೆ ಸರಾಸರಿ 45 ಕಿಲೋಮೀಟರ್ ಎಂದುಕೊಳ್ಳಿ. ಒಟ್ಟು 810 ಆಯಿತು. ಒಂದು ಜೊತೆ ಓಟದ ಶೂವಿನ ಆಯಸ್ಸು ಸುಮಾರು 500ರಿಂದ 800 ಕಿಲೋಮೀಟರ್. ಅಂದರೆ ತಾಲೀಮಿನ ಮೊದಲ ದಿನ ಹೊಚ್ಚಹೊಸ ಶೂ ಕೊಂಡವರ ಕಾಲಲ್ಲಿ, ಸ್ಪರ್ಧೆಯ ದಿನ ಸತ್ತ ಶೂ ಇರುತ್ತದೆ. ಇಷ್ಟು ಸುಲಭದ ಲೆಕ್ಕ ನನ್ನ ತಲೆಗೆ ಹೊಳೆದದ್ದು ಮೊದಲ ಮ್ಯಾರಥಾನ್‌ಗೆ ಹತ್ತು ದಿನ ಉಳಿದಾಗ.

ಅಟ್ಟೆ ಸವೆದಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಮೋಸಹೋದೆ. ನೆಲಕ್ಕೆ ತಾಗುವ ರಬ್ಬರು ಗಟ್ಟಿ; ಸಾಯುವುದು ಅದರ ಮೇಲಿನ ಮೆತ್ತೆ. ಅದು ಈವಿಎಯಂಥ ಹಗುರವಾದ ಫೋಮ್, ಒಳಗೆಲ್ಲ ಗಾಳಿಯ ಪುಟ್ಟ ಗುಳ್ಳೆಗಳು. ಗಂಟೆಯೊಂದರಲ್ಲಿ ಹತ್ತು ಕಿಲೋಮೀಟರ್ ಓಡುವವರು ಹತ್ತಿರ ಹತ್ತು ಸಾವಿರ ಹೆಜ್ಜೆ ಇಡುತ್ತಾರೆ, ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. ಹಳೆಯ ಹತ್ತಿಯ ಹಾಸಿಗೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಮಲಗಿದಾಗ ಬೆನ್ನಿಗೆ ಹಲಗೆ ತಾಗುತ್ತದೆ. ಇದೂ ಹಾಗೆಯೇ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಕಡೆ ವಾಲಿದ್ದರೆ, ಮೆತ್ತೆಯ ಪಕ್ಕದಲ್ಲಿ ಆಳವಾದ ನೆರಿಗೆ ಬಿದ್ದಿದ್ದರೆ, ಅದರ ಕಾಲ ಮುಗಿಯಿತು.

ಇನ್ನು ಆಯ್ಕೆ. ಒದ್ದೆ ಪಾದವನ್ನು ನೆಲಕ್ಕೆ ಒತ್ತಿ, ಗುರುತು ನೋಡಿ, ಚಪ್ಪಟೆ ಪಾದಕ್ಕೆ ಇಂಥ ಶೂ, ಕಮಾನಿನ ಪಾದಕ್ಕೆ ಅಂಥ ಶೂ ಎಂದು ಹೇಳುವ ಪದ್ಧತಿ ಬಹುಕಾಲ ನಡೆಯಿತು. ಅಮೆರಿಕದ ಸೇನಾಪಡೆಗಳು ತಮ್ಮ ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿ ನೋಡಿದವು. ಪಾದದ ಆಕಾರ ನೋಡಿ ಶೂ ಕೊಟ್ಟದ್ದರಿಂದ ಗಾಯಗಳೇನೂ ಕಡಿಮೆಯಾಗಲಿಲ್ಲ. ನನಗಂತೂ ಇದು ಸಮಾಧಾನದ ಸುದ್ದಿ. ಕಾಲಿಗೆ ಹಿತವೆನಿಸುವುದೇ ನಮ್ಮ ಶೂ ಎನ್ನಲು ಧೈರ್ಯ ಬಂತು. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ದೂರದ ಓಟದಲ್ಲೂ ಹಾಗೆಯೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಎದ್ದು ನಿಂತಾಗ ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಅಂಗಡಿಯ ಒಳಗೆ ನಾಲ್ಕು ಸಲ ಓಡಿ. ಜನ ನೋಡಿದರೆ ನೋಡಲಿ. “ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ ಸಾರ್” ಎನ್ನುವ ಮಾತು ಮಾತ್ರ ನಂಬಬೇಡಿ.

ನಾನು ನಂಬಿದ್ದೆ. ಹಳೆಯ ಶೂ ಸತ್ತಿದೆ ಎಂದು ಗಾಬರಿಯಾಗಿ ಹೊಸದು ಕೊಂಡು, ಎರಡೇ ದಿನ ಓಡಿ, ಮುಂಬೈಗೆ ಹೋದೆ. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆಯಲ್ಲಿ ಗಾಳಿ ಬೀಸುವಾಗ ಎಲ್ಲವೂ ಸೊಗಸಾಗಿತ್ತು. 35 ಕಿಲೋಮೀಟರ್ ದಾಟಿ ಪೆಡ್ಡರ್ ರಸ್ತೆಯ ಏರು ಬರುವ ಹೊತ್ತಿಗೆ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಆಗ ನೆನಪಾದವನು ಇಥಿಯೋಪಿಯದ ಅಬೆಬೆ ಬಿಕಿಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಹೊಸ ಶೂ ಕಾಲಿಗೆ ಒಗ್ಗಲಿಲ್ಲವೆಂದು ಬರಿಗಾಲಲ್ಲೇ ಓಡಿ ಚಿನ್ನ ಗೆದ್ದವನು. ಅದನ್ನು ಬರಿಗಾಲಿನ ಮಹಿಮೆ ಎಂದು ಹೇಳುವವರು ಬಹಳ. ಆದರೆ 1964ರಲ್ಲಿ ಟೋಕಿಯೊದಲ್ಲಿ ಅವನು ಶೂ ತೊಟ್ಟೇ ಓಡಿ ಮತ್ತೆ ಗೆದ್ದ. ರೋಮ್‌ನಲ್ಲಿ ಅವನು ಬಿಟ್ಟದ್ದು ಕಚ್ಚುವ ಶೂವನ್ನು, ಅಷ್ಟೇ.

ಮರುವರ್ಷದಿಂದ ನಾನು ಎರಡು ಜೊತೆಗೆ ಬದಲಾದೆ. ಲಕ್ಸಂಬರ್ಗ್‌ನಲ್ಲಿ 264 ಹವ್ಯಾಸಿ ಓಟಗಾರರನ್ನು 22 ವಾರ ಗಮನಿಸಿದ ಅಧ್ಯಯನವೊಂದಿದೆ. ಒಂದಕ್ಕಿಂತ ಹೆಚ್ಚು ಜೊತೆ ಶೂಗಳನ್ನು ಬದಲಿಸುತ್ತಾ ಓಡಿದವರಲ್ಲಿ ಗಾಯದ ಅಪಾಯ ಶೇಕಡಾ 39ರಷ್ಟು ಕಡಿಮೆ ಕಂಡುಬಂತು. ಕಾರಣ ಶೂಗಳೇ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ತರ್ಕ ಒಪ್ಪುವಂತಿದೆ. ಹಿಮ್ಮಡಿ ಎತ್ತರವಿರುವ ಶೂ ಮಂಡಿಗೆ ಹೆಚ್ಚು ಕೆಲಸ ಕೊಡುತ್ತದೆ, ಹಿಮ್ಮಡಿ ತಗ್ಗಿರುವುದು ಮೀನಖಂಡಕ್ಕೆ. ದಿನವೂ ಒಂದೇ ಜಾಗಕ್ಕೆ ಏಟು ಬೀಳದಿದ್ದರೆ ಒಳ್ಳೆಯದೇ. ತಗ್ಗು ಶೂವಿಗೆ ಮಾತ್ರ ಒಮ್ಮೆಲೇ ಹಾರಬೇಡಿ, ಮೊದಲ ವಾರಗಳಲ್ಲಿ ಮೂರು ನಾಲ್ಕು ಕಿಲೋಮೀಟರ್ ಸಾಕು. ಫೋಮ್‌ಗೂ ಎರಡು ದಿನ ವಿಶ್ರಾಂತಿ ಬೇಕೆನ್ನುವವರಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಬೆಂಗಳೂರಿನ ಅಕ್ಟೋಬರ್ ಮಳೆ. ಕಬ್ಬನ್ ಪಾರ್ಕಿನಲ್ಲಿ ತೊಯ್ದ ಶೂ ಮರುದಿನ ಬೆಳಗಿನ ಐದು ಗಂಟೆಗೆ ಒಣಗಿರುವುದಿಲ್ಲ. ಒಳಗೆ ಹಳೆಯ ದಿನಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ. ಸುಡುಬಿಸಿಲಿಗೆ ಬೇಡ, ಅಂಟು ಬಿಡುತ್ತದೆ.

ವೇಗಕ್ಕೆಂದು ಒಳಗೆ ಗಡುಸಾದ ಕಾರ್ಬನ್ ಹಲಗೆ ಇಟ್ಟ ದುಬಾರಿ ಶೂಗಳ ಬಗ್ಗೆ ಕೇಳುತ್ತೀರಿ. ರಸ್ತೆ ಓಟಗಳಿಗೆ ಅಟ್ಟೆಯ ಒಟ್ಟು ದಪ್ಪ 40 ಮಿಲಿಮೀಟರ್ ಮೀರಬಾರದು, ಹಲಗೆ ಒಂದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಐದು ಗಂಟೆಯಲ್ಲಿ ಮುಗಿಸುವ ನನ್ನಂಥವನಿಗೆ ಆ ಹಣದಲ್ಲಿ ಎರಡು ಸಾಧಾರಣ ಜೊತೆ ಬರುತ್ತವೆ.

ನನ್ನ ಕ್ರಮ ಇಷ್ಟು. ಶೂವಿನ ನಾಲಿಗೆಯ ಒಳಮಗ್ಗುಲಲ್ಲಿ ಕೊಂಡ ತಾರೀಖು ಬರೆಯುತ್ತೇನೆ, ನೂರು ಕಿಲೋಮೀಟರ್‌ಗೊಂದು ಗೀಟು ಎಳೆಯುತ್ತೇನೆ. ಹಳೆಯದರಲ್ಲಿ ನಾಲ್ಕು ಗೀಟು ಆದಾಗ ಹೊಸದು ಮನೆಗೆ ಬರುತ್ತದೆ. ಸ್ಪರ್ಧೆಯ ದಿನ ತೊಡುವ ಜೊತೆಯಲ್ಲಿ ಕನಿಷ್ಠ ಒಂದು 25 ಕಿಲೋಮೀಟರ್ ಓಟ ಆಗಿರಲೇಬೇಕು.

ಬಾಗಿಲ ಬಳಿ ಈಗ ನಾಲ್ಕು ಜೊತೆ ಸಾಲಾಗಿವೆ. “ನಿಮಗಿರುವುದು ಎರಡೇ ಕಾಲಲ್ಲವೇ?” ಎಂದು ಮನೆಯಾಕೆ ಕೇಳುತ್ತಾಳೆ. ಏಳು ಗೀಟು ಬಿದ್ದ ಜೊತೆಯನ್ನು ಮೆಟ್ಟಿ ನಾನು ಹಾಲು ತರಲು ಹೊರಡುತ್ತೇನೆ.

ನಮಸ್ಕಾರ.