ಹಳೆಯ ಕ್ಯಾಂಪರ್ ವ್ಯಾನಿಗೆ ಹೊಸ ಬಣ್ಣ: ದುಡ್ಡು ಹೋಗುವುದು ಎಲ್ಲಿಗೆ?

[ದೃಶ್ಯ: ಹಳದಿ ಟೆಂಪೊ ಟ್ರಾವೆಲರ್. ಹಿಂದಿನ ಚಕ್ರದ ಮೇಲೆ ಬಣ್ಣ ಉಬ್ಬಿದೆ.]

ಈ ಉಬ್ಬನ್ನು ಉಗುರಿನಿಂದ ಒತ್ತುತ್ತೇನೆ, ನೋಡಿ. ಹಪ್ಪಳದಂತೆ ಮುರಿಯಿತು. ಒಳಗೆ ತಗಡು ಇರಬೇಕಾದ ಜಾಗದಲ್ಲಿ ಕೆಂಪು ಪುಡಿ ಇದೆ.

ಶಾಲೆಯ ಮಕ್ಕಳನ್ನು ಹೊತ್ತು ಸುಸ್ತಾಗಿದ್ದ ಈ ಗಾಡಿಯನ್ನು ಕೊಂಡು, ಒಳಗೆ ಮಂಚ, ಒಲೆ, ಸಿಂಕ್ ಕೂರಿಸಿದ್ದೇನೆ. ಹೊರಗೆ ಮಾತ್ರ ಇನ್ನೂ ಶಾಲೆಯ ಹಳದಿಯೇ. ಬಣ್ಣ ಬದಲಿಸಲು ಬೆಂಗಳೂರಿನ ಮೂರು ಗ್ಯಾರೇಜುಗಳಲ್ಲಿ ದರ ಕೇಳಿದೆ. ಮೊದಲನೆಯವರು 60,000 ರೂಪಾಯಿ ಎಂದರು, ಎರಡನೆಯವರು 1,15,000. ಮೂರನೆಯವರು ಹೇಳಿದ್ದು 2,10,000, ಜಿಎಸ್‌ಟಿ ಬೇರೆ. ಶೇ 18ರಂತೆ ಅದೇ 37,800 ಆಗುತ್ತದೆ. ಗಾಡಿ ಒಂದೇ, ದರ ಮೂರು. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಮೂವರೂ ಹೇಳುತ್ತಿರುವುದು ಬೇರೆ ಬೇರೆ ಕೆಲಸದ ಬೆಲೆ.

[ದೃಶ್ಯ: ಅಳತೆ ಪಟ್ಟಿ ಹಿಡಿದು ಗಾಡಿಯ ಸುತ್ತ ನಡೆಯುವುದು]

ಮೊದಲು ಬಣ್ಣದ ಲೆಕ್ಕವನ್ನು ಮುಗಿಸಿಬಿಡೋಣ. ಉದ್ದ ಸುಮಾರು 5 ಮೀಟರ್, ಅಗಲ ಮತ್ತು ಎತ್ತರ ಎರಡೆರಡು ಮೀಟರಿನ ಆಸುಪಾಸು. ಕಿಟಕಿಗಳನ್ನು ಕಳೆದರೂ 30 ಚದರ ಮೀಟರಿನ ಹತ್ತಿರ ಬರುತ್ತದೆ. ಎರಡು ಕೋಟ್ ಎಂದರೆ 60. ಸ್ಪ್ರೇ ಗನ್ನಿನಿಂದ ಗಾಳಿಗೆ ಹಾರಿಹೋಗುವುದನ್ನೂ ಹಿಡಿದು, ಲೀಟರಿಗೆ 7 ಚದರ ಮೀಟರ್ ಎಂದುಕೊಂಡರೆ ಎಂಟು ಒಂಬತ್ತು ಲೀಟರ್ ಬೇಕು. ಪಿಯು (ಪಾಲಿಯುರೆಥೇನ್) ಬಣ್ಣ, ಅದನ್ನು ಗಟ್ಟಿ ಮಾಡುವ ಹಾರ್ಡನರ್, ತೆಳುವಾಗಿಸುವ ಥಿನ್ನರ್ ಸೇರಿ ನನಗೆ ಬಂದ ಲೆಕ್ಕ 14,000 ರೂಪಾಯಿ. ಅಷ್ಟೇ! ಉಳಿದದ್ದೆಲ್ಲ ಗನ್ ಕೈಗೆ ಬರುವ ಮೊದಲಿನ ಖರ್ಚು.

ಅದರಲ್ಲಿ ದೊಡ್ಡದು ಬಿಚ್ಚುವ ಕೂಲಿ. ಅರವತ್ತು ಸಾವಿರದವರು ಕಿಟಕಿ ಬಿಚ್ಚುವುದಿಲ್ಲ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ಮೇಲೆ ಟೇಪು, ಪೇಪರು ಅಂಟಿಸಿ ಹೊಡೆದುಬಿಡುತ್ತಾರೆ. ಆದರೆ ಹಳೆಯ ಗಾಡಿಯಲ್ಲಿ ನೀರು ಕೂತು ತುಕ್ಕು ಹುಟ್ಟುವುದು ಆ ಬೀಡಿಂಗಿನ ಅಡಿಯಲ್ಲೇ. ಜೊತೆಗೆ ನಮ್ಮದು ಬಣ್ಣ ಬದಲಾವಣೆ. ಬಾಗಿಲು ತೆರೆದಾಗ ಅಂಚಿನಲ್ಲಿ ಶಾಲೆಯ ಹಳದಿ ಇಣುಕಬಾರದು ಎಂದರೆ ಬಾಗಿಲು, ಲಾಕು, ಹಿಡಿಕೆ ಎಲ್ಲವೂ ಕೆಳಗಿಳಿಯಬೇಕು. ಇದ್ದ ಬಣ್ಣವನ್ನೇ ಮತ್ತೆ ಹೊಡೆಸುವವರಿಗೆ ಈ ಖರ್ಚಿನಲ್ಲಿ ಬಹುಪಾಲು ಇಲ್ಲ.

[ದೃಶ್ಯ: ಉಬ್ಬಿದ ಜಾಗದ ಸಮೀಪ ಚಿತ್ರ]

ಇನ್ನು ಟಿಂಕರಿಂಗ್, ಅಂದರೆ ತಗಡಿನ ರಿಪೇರಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಡೆಲಿವರಿ ದಿನ ಕನ್ನಡಿಯಂತೆ ಹೊಳೆಯುತ್ತದೆ. ಒಂದೆರಡು ಮಳೆಗಾಲ ಕಳೆದರೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಸರಿಯಾದ ದಾರಿ ಎಂದರೆ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು. ಕ್ಯಾಂಪರ್ ವ್ಯಾನಿಗೆ ಮಾತ್ರ ಇರುವ ಫಜೀತಿ ಇಲ್ಲಿದೆ: ತಗಡಿನ ಹಿಂದೆ ಫೋಮ್, ಅದರ ಹಿಂದೆ ಪ್ಲೈವುಡ್. ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಮಂಚ ಹೊರಗೆ, ಆಮೇಲೆ ಪ್ಲೈವುಡ್, ಆಮೇಲೆ ಫೋಮ್. ಬಣ್ಣ ಹೊಡೆಸಿದ ಮೇಲೆ ಒಳಾಂಗಣ ಮಾಡಿಸಬೇಕಿತ್ತು. ನಾನು ಉಲ್ಟಾ ಮಾಡಿದೆ. ಬಡಗಿಗೆ ಎರಡನೇ ಸಲ ಕೂಲಿ ಕೊಡುವಾಗ ಅವರು ನಗಲಿಲ್ಲ, ಅದು ಅವರ ದೊಡ್ಡತನ.

ಚಾವಣಿಯದ್ದು ಇನ್ನೊಂದು ಕಥೆ. ಸೋಲಾರ್ ಪ್ಯಾನೆಲ್, ಗಾಳಿಕಿಂಡಿ ಕೂರಿಸುವಾಗ ಸುತ್ತಲೂ ಸಿಲಿಕೋನ್ ಬಳಿದಿರುತ್ತೇವೆ. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಉಳಿದಿದ್ದರೂ ಬಣ್ಣ ಅಲ್ಲಿ ನಿಲ್ಲುವುದಿಲ್ಲ. ದುಂಡು ದುಂಡು ಗುಳಿ ಬಿಟ್ಟು ಹಿಂದೆ ಸರಿಯುತ್ತದೆ. ಪೇಂಟರುಗಳು ಇದನ್ನು ಫಿಶ್ ಐ ಎನ್ನುತ್ತಾರೆ. ಮೊದಲೇ ಉಜ್ಜಿದರೆ ಸಿಲಿಕೋನ್ ಎಲ್ಲ ಕಡೆ ಹರಡಿ, ಗೀರುಗಳ ಒಳಕ್ಕೂ ಇಳಿಯುತ್ತದೆ. ಕೆರೆದು ತೆಗೆದು, ದ್ರಾವಕದಿಂದ ಒರೆಸಿ, ಆಮೇಲೆ ಉಜ್ಜಲು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಿಡಿಯಬೇಕು. ಗಾಡಿ ಒಪ್ಪಿಸುವಾಗ ಎಲ್ಲೆಲ್ಲಿ ಸಿಲಿಕೋನ್ ಇದೆ ಎಂದು ನೀವೇ ತೋರಿಸಿ. ಅವರಾಗಿ ಕೇಳುವುದು ಅಪರೂಪ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವೋ, ಪಿಯು ಬಣ್ಣವೋ? ಎನ್‌ಸಿ ಅಗ್ಗ, ಬೇಗ ಒಣಗುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದರೆ ಮೇಲೆ ಬಿಳುಪು ಕಟ್ಟುತ್ತದೆ. ನನ್ನ ಆಯ್ಕೆ ಪಿಯು. ಆದರೆ ಹಣ ಉಳಿಸಲು ಮನೆಯ ಶೆಡ್ಡಿನಲ್ಲಿ ನೀವೇ ಪಿಯು ಹೊಡೆಯಲು ಹೋಗಬೇಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಬ್ಬಸ ತರುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಉಜ್ಜುವ ಕೆಲಸವನ್ನು ಮಾಡಿ, ಅಲ್ಲಿ ಕೂಲಿ ನಿಜವಾಗಿಯೂ ಉಳಿಯುತ್ತದೆ.

ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ, ಅಂದರೆ ಪೇಂಟ್ ಬೂತಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಕೊಡುತ್ತಾರೆ. ಗ್ಯಾಸ್ ಸಿಲಿಂಡರ್, ಲಿಥಿಯಂ ಬ್ಯಾಟರಿ ಎರಡನ್ನೂ ಮನೆಯಲ್ಲೇ ಇಳಿಸಿ ಹೋಗಿ.

ಕೊನೆಗೆ ನಾನು ಒಪ್ಪಿದ್ದು ಎರಡನೆಯವರನ್ನು. ಕಿಟಕಿ ಬಿಚ್ಚುವುದು, ಹೊಸ ಬೀಡಿಂಗ್, ಎರಡು ಚಕ್ರದ ಕಮಾನುಗಳಿಗೆ ಹೊಸ ತಗಡು, ಇವನ್ನು ಕಾಗದದ ಮೇಲೆ ಬರೆಸಿಕೊಂಡಾಗ ದರ 1,38,000ಕ್ಕೆ ಏರಿತು. ಬೂತ್ ಇಲ್ಲ, ಅಲ್ಪಸ್ವಲ್ಪ ಧೂಳು ಕೂತರೆ ಕೂರಲಿ, ನಾವು ಹೇಗೂ ಕಾಡುದಾರಿಯಲ್ಲಿ ಓಡಿಸುವವರು.

[ದೃಶ್ಯ: ಬಣ್ಣಗಳ ಕಾರ್ಡು]

ಬಣ್ಣ ಬದಲಾದರೆ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯನ್ನೂ ತಿದ್ದಿಸಬೇಕು. ನನ್ನ ತಮ್ಮನಿಗೆ ಸೈನ್ಯದ ಜೀಪಿನ ಆಲಿವ್ ಹಸಿರೇ ಬೇಕಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಈಗ ಕೆನೆಬಣ್ಣ ಎಂದು ತೀರ್ಮಾನವಾಗಿದೆ. ಅವನು ಇನ್ನೂ ಒಪ್ಪಿಲ್ಲ.